ಬೀಗರು ಬಂದು ಬ್ರೇಕು ನೋಡಿದ್ದು

ಗುಂಜಹಳ್ಳಿಯ ಪಕೀರಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ನಿಜವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಕೇಳುವವರ ದೊಡ್ಡ ಮನಸ್ಸಿಗೆ ಬಿಡುವ ಮನುಷ್ಯ. ಮಗಳು ದಾನೇಶ್ವರಿಯ ಮದುವೆ ಮಾತುಕತೆಗೆ ಮಾನ್ವಿಗೆ ಹೋದಾಗಲೂ ನಡೆದದ್ದು ಇಷ್ಟೇ. ಹುಡುಗ ಯಲ್ಲಾಲಿಂಗ ಬುಲ್‌ಡೋಜರ್ ಓಡಿಸುತ್ತಾನೆ ಎಂದು ತಿಳಿದ ಕೂಡಲೇ ಪಕೀರಪ್ಪ ಗೋಡೆಗೆ ಒರಗಿ ಕಾಲ ಮೇಲೆ ಕಾಲು ಹಾಕಿದ. ಹುಡುಗನ ತಾಯಿ ಮಾನಮ್ಮ, ಬೀಗರಾಗುವವರಿಗೆ ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಏನು ಕೆಲಸವಿತ್ತು ಎಂದು ವಿಚಾರಿಸಿದಳು.

"ಹತ್ತೊಂಬತ್ತು ವರ್ಷ ನನ್ನ ಸಹಿ ಇಲ್ದ ಒಂದು ಡೋಜರ್ ಒಳಗ ಹೋಗಿಲ್ಲ, ಒಂದು ಹೊರಗ ಬಂದಿಲ್ಲ," ಅಂದ ಪಕೀರಪ್ಪ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅವನು ಕಲ್ಲಿದ್ದಲು ಅಂಗಳದ ಗೇಟಿನಲ್ಲಿ ಗುತ್ತಿಗೆಯ ಕಾವಲುಗಾರನಾಗಿದ್ದ. ಬಂದುಹೋಗುವ ಯಂತ್ರಗಳ ನಂಬರು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು, ಕಾಲಲ್ಲಿ ಬೂಟಿಲ್ಲದವರನ್ನು ಹಿಂದಕ್ಕೆ ಕಳಿಸುವುದು, ಇವೆರಡೇ ಅವನ ಕೆಲಸ. ಡೋಜರನ್ನು ಹತ್ತೊಂಬತ್ತು ವರ್ಷ ನೋಡಿದ್ದ, ಒಂದು ದಿನವೂ ಹತ್ತಿರಲಿಲ್ಲ. ಆದರೆ ಮಾನಮ್ಮ ಅವತ್ತು ಸಂಜೆಯೇ ತಮ್ಮ ಬೀಗರು ಡೋಜರ್ ಇಂಜಿನಿಯರ್ ಎಂದು ಓಣಿ ತುಂಬ ಸಾರಿ ಬಂದಳು. ಪಕೀರಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ, ಮೀಸೆ ಸವರಿಕೊಂಡ. ಎರಡು ವರ್ಷ ಆ ಪದವಿಯಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆ ಶುರುವಾದದ್ದು ಈ ಸಲದ ಶಿವರಾತ್ರಿಯ ನಂತರ. ಯಲ್ಲಾಲಿಂಗ ಓಡಿಸುತ್ತಿದ್ದ ಡೋಜರ್ ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಗಡಿಗೆಪ್ಪ ಸಾವ್ಕಾರರದು. ಯಂತ್ರ ಹಳೆಯದಾದರೂ ಗಟ್ಟಿ. ದೇವದುರ್ಗದ ರಸ್ತೆಯಲ್ಲಿರುವ ಹೊಲಗಳನ್ನು ಭತ್ತ ಹಚ್ಚಲು ಸಮ ಮಾಡುವುದು ಅದರ ಕಸುಬು. ಆ ಯಂತ್ರಕ್ಕೆ ಕಾರಿನ ಹಾಗೆ ದುಂಡನೆಯ ಸ್ಟೇರಿಂಗ್ ಇಲ್ಲ. ಎಡಕ್ಕೊಂದು ಬಲಕ್ಕೊಂದು ಬ್ರೇಕಿನ ಪೆಡಲು ಇರುತ್ತವೆ, ಯಾವ ಕಡೆ ತಿರುಗಬೇಕೋ ಆ ಕಡೆಯದನ್ನು ತುಳಿಯಬೇಕು. ಶಿವರಾತ್ರಿ ಕಳೆದ ಮೇಲೆ ಆ ಬ್ರೇಕುಗಳು ಅರಚತೊಡಗಿದವು. ಒಮ್ಮೆ ಎಡಕ್ಕೆ ತಿರುಗಿದರೆ ಒಂದು ಹರದಾರಿ ಕೇಳುವಂಥ ಕಿರುಚಾಟ, ಬಲಕ್ಕೆ ತಿರುಗಿದರೆ ಅದಕ್ಕೂ ಹೆಚ್ಚು.

ಹೊಲಕ್ಕೆ ಹೊಂದಿಕೊಂಡಂತೆ ಅನ್ವರಿ ಬೇಗಂ ಅವರ ಎಮ್ಮೆಗಳ ಕೊಟ್ಟಿಗೆ. ನಾಲ್ಕು ಎಮ್ಮೆಗಳೂ ಹಾಲು ಬಿಡದೆ ಏರಿಸಿಕೊಂಡು ನಿಂತವು. ಆಕೆ ಖಾಲಿ ತಂಬಿಗೆ ತಂದು ಡೋಜರಿನ ಎದುರಿಗೇ ಬೋರಲು ಹಾಕಿ ತೋರಿಸಿದರು. ಶಾಲೆಯ ಹೆಡ್‌ಮಾಸ್ತರರು ಏಳರ ಮಗ್ಗಿ ಕೇಳಿದರೆ ಮೂರನೆಯ ತರಗತಿ ಪೂರ್ತಿ ಬ್ರೇಕಿನ ಹಾಗೆ ಕಿರುಚಿ ತೋರಿಸಿತಂತೆ. ಕೊನೆಗೆ ಮೂವತ್ತೆರಡು ಸಹಿಗಳ ಅರ್ಜಿ ಪಂಚಾಯಿತಿಗೆ ಹೋಯಿತು. ಪಿಡಿಓ ಸುನಂದಾ ಮೇಡಂ ಖುದ್ದು ಬಂದು, ಕಿವಿಗೆ ಬೆರಳಿಟ್ಟುಕೊಂಡೇ ನೋಟೀಸು ಕೊಟ್ಟರು. ಎಂಟು ದಿನದೊಳಗೆ ಸದ್ದು ನಿಲ್ಲದಿದ್ದರೆ ಯಂತ್ರ ಊರಿನ ಸೀಮೆ ಬಿಡಬೇಕು.

ಗಡಿಗೆಪ್ಪನವರು ಕೈಕಟ್ಟಿ ಕೂತವರಲ್ಲ. ಶಿವರಾತ್ರಿಯ ದಿನ ಅವರೇ ಡೋಜರಿಗೆ ಪೂಜೆ ಮಾಡಿಸಿ, ಕ್ಯಾಬಿನ್ನಿನಲ್ಲಿ ಹಿತ್ತಾಳೆಯ ಬಸವಣ್ಣನನ್ನು ಕೂಡಿಸಿದ್ದರು. ವರ್ಷಗಟ್ಟಲೆ ಚಪ್ಪಲಿಯ ಹೊಲಸು ಕುಡಿದಿದ್ದ ರಬ್ಬರ್ ಹಾಸನ್ನು ಕಿತ್ತು ಎಸೆಸಿದ್ದರು. ಅಂದಿನಿಂದ ಚಪ್ಪಲಿ ಕೆಳಗೆ ಬಿಟ್ಟೇ ಡೋಜರ್ ಹತ್ತಬೇಕು. ಇಷ್ಟೆಲ್ಲ ಭಕ್ತಿಯಿಂದ ಮಾಡಿದ ಮೇಲೂ ಸದ್ದು ಹುಟ್ಟಿತೆಂದರೆ ಪೂಜೆ ಸಾಲದೆ ಬಂದಿದೆ ಎಂದು ತಿಳಿದು ಇನ್ನೆರಡು ಪೂಜೆ ಮಾಡಿಸಿದರು. ಸದ್ದು ಎರಡು ಪಟ್ಟಾಯಿತು. ರಾಯಚೂರಿನಿಂದ ಮೆಕ್ಯಾನಿಕ್ ತಾಯಣ್ಣ ಬಂದು ಎರಡು ತಿಂಗಳಲ್ಲಿ ಮೂರು ಸಲ ಬ್ರೇಕಿನೊಳಗೆ ಉಜ್ಜುವ ಪಟ್ಟಿ, ಅಂದರೆ ಲೈನಿಂಗ್, ಬದಲಿಸಿದ. ಪ್ರತಿ ಸಲವೂ ಹೊಸ ಲೈನಿಂಗ್ ನಾಲ್ಕಾರು ದಿನ ಮರ್ಯಾದೆಯಿಂದ ಇದ್ದು, ಆಮೇಲೆ ಗಾಜಿನಂತೆ ನುಣ್ಣಗಾಗಿ ಅರಚುತ್ತಿತ್ತು. ಯಾರೋ ಬ್ರೇಕು ಒತ್ತಿಕೊಂಡೇ ಓಡಿಸುತ್ತಿದ್ದಾರೆ ಎಂದು ತಾಯಣ್ಣನ ಅನುಮಾನ. ಯಲ್ಲಾಲಿಂಗನನ್ನು ಕೇಳಿದರೆ, ತಿರುಗುವಾಗ ಮಾತ್ರ ಒತ್ತುತ್ತೇನೆ ಎಂದು ಬಸವಣ್ಣನ ಮೇಲೆ ಕೈಯಿಟ್ಟ. ಕೈಯಿಟ್ಟಾಗ ಅವನು ನಿಜವನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದ.

ಸಾವ್ಕಾರರು ಯೋಚಿಸಿದರು. ದೋಷ ಯಂತ್ರದಲ್ಲಿರಬೇಕು, ಇಲ್ಲವೇ ಡ್ರೈವರನಲ್ಲಿರಬೇಕು. ಯಂತ್ರವನ್ನು ಬದಲಿಸುವುದಕ್ಕಿಂತ ಡ್ರೈವರನನ್ನು ಬದಲಿಸುವುದು ಸುಲಭ ಎಂದು ಅವರಿಗೆ ಕೂಡಲೇ ಹೊಳೆಯಿತು. ನೋಟೀಸಿನ ಎಂಟು ದಿನ ಮುಗಿದ ಮರುದಿನ ಹೊಸ ಡ್ರೈವರ್ ಬರುತ್ತಾನೆ ಎಂದು ಹೇಳಿಯೇಬಿಟ್ಟರು.

ಆಗ ಮಾನಮ್ಮ ಸೆರಗು ಸಿಕ್ಕಿಸಿಕೊಂಡು ಗಿರಣಿಯ ಬಾಗಿಲಿಗೆ ಬಂದಳು. ಇಂಜಿನಿಯರ್ ಬೀಗರು ಗುಂಜಹಳ್ಳಿಯಲ್ಲಿ ಇರುವಾಗ ತನ್ನ ಮಗನ ಅನ್ನಕ್ಕೆ ಕೈಹಾಕುವುದು ಯಾವ ನ್ಯಾಯ ಎಂದು ಕೇಳಿದಳು. ಗಡಿಗೆಪ್ಪನವರು ಆಗಿಂದಾಗಲೇ ಕಾರು ಕಳಿಸಿದರು.

ಕಾರು ಬಂದು ಪಕೀರಪ್ಪನ ಮನೆಯ ಮುಂದೆ ನಿಂತಿತು. ಹೆಂಡತಿ ವೆಂಕಮ್ಮ, ಹೋಗಿ ನಿಜ ಹೇಳಿ ಕೈಮುಗಿದು ಬಂದುಬಿಡಿ ಅಂದಳು. ಪಕೀರಪ್ಪನಿಗೂ ಅದೇ ಸರಿ ಅನ್ನಿಸಿತು. ಆದರೆ ನಿಜ ಹೇಳುವವನಿಗೂ ಒಂದು ಠೀವಿ ಬೇಡವೇ? ಇಂಜಿನಿಯರುಗಳು ಬಿಳಿ ಹೆಲ್ಮೆಟ್ ಹಾಕುವುದನ್ನು ಅವನು ಗೇಟಿನಲ್ಲಿ ನೋಡಿದ್ದ. ಅವನದು ಹಳದಿ. ಗೋಡೆಗೆ ಬಳಿದು ಉಳಿದಿದ್ದ ಬಿಳಿ ಬಣ್ಣವನ್ನು ಅದಕ್ಕೆ ಗಡಿಬಿಡಿಯಲ್ಲಿ ಬಳಿದು, ಒಣಗುವ ಮುಂಚೆಯೇ ಹಾಕಿಕೊಂಡು ಕಾರು ಹತ್ತಿದ. ರಾಯಚೂರು ದಾಟುವಷ್ಟರಲ್ಲಿ ಸಾವ್ಕಾರರ ಕಾರಿನ ಒಳಮಾಡು ಬಿಳಿಯಾಗಿತ್ತು, ಹೆಲ್ಮೆಟ್ ಅರ್ಧ ಹಳದಿಯಾಗಿತ್ತು. ಅದನ್ನು ಕಂಡ ಹೊಲದ ಜನ, ಇಂಥ ಹೆಲ್ಮೆಟ್ಟು ಯಾರ ತಲೆಯ ಮೇಲೂ ಕಂಡಿಲ್ಲ, ಈತ ಇಂಜಿನಿಯರಿಗಿಂತ ದೊಡ್ಡವನೇ ಇರಬೇಕು ಎಂದು ತೀರ್ಮಾನಿಸಿದರು.

ನಿಜ ಹೇಳಲು ಬಾಯಿ ತೆರೆದ ಪಕೀರಪ್ಪನಿಗೆ ಯಾರೋ ಕುರ್ಚಿ ಹಾಕಿದರು. ಕುರ್ಚಿಯಲ್ಲಿ ಕೂತ ಮೇಲೆ ನಿಜ ಹೇಳುವುದು ಬಹಳ ಕಷ್ಟ. ಅವನು ಕೈ ಎತ್ತಿದ, ಯಲ್ಲಾಲಿಂಗ ಡೋಜರ್ ನಡೆಸಿದ. ಕೈ ಇಳಿಸಿದ, ಅಳಿಯ ಬ್ರೇಕು ತುಳಿದ. ಕಿವಿ ಕಿತ್ತುಹೋಗುವ ಹಾಗೆ ಯಂತ್ರ ಅರಚಿತು. ಪಕೀರಪ್ಪ ಹುಂ ಅಂದ. ಆ ಒಂದು ಹುಂಕಾರವನ್ನು ನೆರೆದವರು ತಮಗೆ ಬೇಕಾದ ಹಾಗೆ ಹಂಚಿಕೊಂಡರು. ರೋಗ ಸಿಕ್ಕಿತು ಎಂದು ಸಾವ್ಕಾರರಿಗೆ ಅನ್ನಿಸಿತು, ಮಗನದು ತಪ್ಪಿಲ್ಲ ಎಂದು ಮಾನಮ್ಮನಿಗೆ, ಪರಿಹಾರ ಕೊಡುತ್ತಾರೆ ಎಂದು ಅನ್ವರಿ ಬೇಗಂ ಅವರಿಗೆ.

ಪಕೀರಪ್ಪ ಐದು ದಿನ ಬೀಗರ ಮನೆಯಲ್ಲಿ ಉಳಿದು ತನಿಖೆ ನಡೆಸಿದ. ಡೋಜರ್ ಎಷ್ಟು ಗಂಟೆಗೆ ಹೊರಟಿತು, ಎಷ್ಟು ಸಲ ಅರಚಿತು, ಆಗ ಗಾಳಿ ಎತ್ತಲಿಂದ ಬೀಸುತ್ತಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಸಹಿ ಹಾಕಿದ. ಆರನೆಯ ದಿನ ಬರೆಯುವುದಕ್ಕೆ ಏನೂ ಉಳಿಯಲಿಲ್ಲ. ಗುಂಜಹಳ್ಳಿಯ ಮನೆಯ ಕದ ಕಿರ್ ಎಂದಾಗ ವೆಂಕಮ್ಮ ತಿರುಗಣಿಗೆ ಎಣ್ಣೆ ಬಿಡುತ್ತಿದ್ದದ್ದು ಅವನಿಗೆ ಆಗ ನೆನಪಾಯಿತು. ತಾಯಣ್ಣ ರಾಯಚೂರಿಗೆ ಹೋಗಿದ್ದ ಹೊತ್ತು ನೋಡಿ, ಎರಡೂ ಬ್ರೇಕಿಗೆ ಒಂದೊಂದು ಚರಿಗೆ ಎಣ್ಣೆ ಸುರಿಸಿದ.

ಸದ್ದು ನಿಂತುಹೋಯಿತು. ಡೋಜರ್ ಬೆಕ್ಕಿನ ಹಾಗೆ ಹೊರಟಿತು. ಜನ ಚಪ್ಪಾಳೆ ತಟ್ಟಿದರು, ಮಾನಮ್ಮ ಸುತ್ತ ತಿರುಗಿ ಎಲ್ಲರ ಮುಖ ನೋಡಿದಳು. ಬದುವಿನ ಹತ್ತಿರ ಯಂತ್ರ ಎಡಕ್ಕೆ ತಿರುಗಬೇಕಿತ್ತು. ಯಲ್ಲಾಲಿಂಗ ಬ್ರೇಕು ತುಳಿದ, ಮತ್ತೆ ತುಳಿದ, ಎದ್ದು ನಿಂತು ತುಳಿದ. ಸದ್ದಿನ ಜೊತೆಗೆ ಬ್ರೇಕೂ ಹೋಗಿತ್ತು. ಡೋಜರ್ ಇಳಿಜಾರಿನಲ್ಲಿ ನೆಟ್ಟಗೆ ನಡೆದು, ಅನ್ವರಿ ಬೇಗಂ ಚಳಿಗಾಲದಿಂದ ಸಗಣಿ ತಟ್ಟಿ ಒಟ್ಟಿದ್ದ ಕುಳ್ಳಿನ ರಾಶಿಯೊಳಗೆ ಹೊಕ್ಕಿತು. ಯಲ್ಲಾಲಿಂಗ ಮಣ್ಣು ತಳ್ಳುವ ಮುಂದಿನ ತಗಡನ್ನು ನೆಲಕ್ಕೆ ಊರಿದ್ದರಿಂದ ಯಂತ್ರ ಅಲ್ಲಿಗೇ ನಿಂತಿತು, ಕೊಟ್ಟಿಗೆ ಉಳಿಯಿತು.

"ನಾ ಎಮ್ಮಿ ಹಾಲ ಕೇಳಿದ್ದೆ ಸಾಬ್, ಕುಳ್ಳ ಸಮ ಮಾಡಿಕೊಡ್ರಿ ಅಂದಿದ್ದಿಲ್ಲ," ಅಂದರು ಅನ್ವರಿ ಬೇಗಂ.

ಮರುದಿನ ತಾಯಣ್ಣ ಬಂದು, ಬ್ರೇಕಿಗೆ ಎಣ್ಣೆ ಹಾಕಿದ ಮಹಾತ್ಮ ಯಾರು ಎಂದು ಕೇಳಿದ. ಎಲ್ಲರೂ ಆಕಾಶ ನೋಡಿದರು. ಅವನು ಲೈನಿಂಗುಗಳನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂಡಿಸಿದ. ಕಿರುಚಾಟ ಒಂದು ರಾತ್ರಿ ನಿದ್ದೆ ಮಾಡಿ ಎದ್ದಂತೆ ಹೊಸ ಹುರುಪಿನಿಂದ ಮರಳಿತು. ನೋಟೀಸಿಗೆ ಉಳಿದದ್ದು ಒಂದೇ ದಿನ. ಯಲ್ಲಾಲಿಂಗ ಮಾವನನ್ನು ಬೈಯಲಿಲ್ಲ. ನಾಡಿದ್ದಿನಿಂದ ಬೇರೆ ಕಡೆ ಕೆಲಸ ಹುಡುಕಬೇಕಲ್ಲ ಎಂದಷ್ಟೇ ಮೆಲ್ಲಗೆ ಅಂದ. ಬೈದಿದ್ದರೆ ಪಕೀರಪ್ಪನಿಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ದಾನೇಶ್ವರಿ ಅಪ್ಪನ ಮುಖವನ್ನೇ ನೋಡದೆ ರೊಟ್ಟಿ ಬಡಿಯುತ್ತಿದ್ದಳು. ನೋವಾಯಿತು ಅವನಿಗೆ, ನಿಜಕ್ಕೂ ನೋವಾಯಿತು.

ಎಂಟನೆಯ ದಿನ ಮಧ್ಯಾಹ್ನ. ರಾಯಚೂರು ಸೀಮೆಯ ಏಪ್ರಿಲ್ ಬಿಸಿಲು. ಅಳಿಯನಿಗೆ ಬುತ್ತಿ ಕೊಟ್ಟು ಅಲ್ಲಿಂದಲೇ ಬಸ್ಸು ಹಿಡಿದು ಓಡಿಹೋಗುವುದು ಪಕೀರಪ್ಪನ ಗುಟ್ಟಿನ ಯೋಜನೆ. ಹೊಲದಲ್ಲಿ ಡೋಜರ್ ನಿಂತಿತ್ತು, ಯಲ್ಲಾಲಿಂಗ ಬೇವಿನ ನೆರಳಿನಲ್ಲಿ ಅಡ್ಡಾಗಿದ್ದ. ಎಬ್ಬಿಸಿದರೆ ಮಾತಾಡಬೇಕಾಗುತ್ತದೆ ಎಂದು ಅಂಜಿ, ಬುತ್ತಿಯನ್ನು ಕ್ಯಾಬಿನ್ನಿನಲ್ಲಿ ಇಟ್ಟುಬಿಡೋಣ ಎಂದುಕೊಂಡ. ರೂಢಿಯಂತೆ ಚಪ್ಪಲಿ ಕೆಳಗೆ ಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಡೋಜರ್ ಹತ್ತಿದ.

ಹತ್ತಿದವನು ಕುಣಿಯತೊಡಗಿದ. ಮೇಲೆ ಬಿಸಿಲು, ಕೆಳಗೆ ಗೇರುಬಾಕ್ಸಿನ ಕಾವು, ನಡುವೆ ಹಾಸಿಲ್ಲದ ಕಬ್ಬಿಣದ ತಗಡು. ರೊಟ್ಟಿ ಹಂಚಿನ ಮೇಲೆ ಕಾಲಿಟ್ಟಂತಾಯಿತು. ಸೀಟಿನ ಮೇಲೆ ಕುಸಿದು ಕೂತು, ಕಾಲುಗಳನ್ನು ಎಲ್ಲಿಡಬೇಕೋ ತಿಳಿಯದೆ ಕಂಡ ಕಂಡಲ್ಲಿ ಊರಿದ. ಒಂದು ಜಾಗ ಮಾತ್ರ ಅಷ್ಟು ಸುಡಲಿಲ್ಲ. ಅಬ್ಬಾ ಅಂದುಕೊಂಡು ಬಗ್ಗಿ ನೋಡಿದ. ಎರಡೂ ಕಾಲು ಎರಡು ಬ್ರೇಕಿನ ಪೆಡಲುಗಳ ಮೇಲೆ ಹಾಯಾಗಿ ಕೂತಿದ್ದವು.

ಪಕೀರಪ್ಪ ಕೆಳಗಿಳಿದು, ಮಲಗಿದ್ದ ಅಳಿಯನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತು ಅವನ ಅಂಗಾಲು ನೋಡಿದ. ಹತ್ತೊಂಬತ್ತು ವರ್ಷ ಪ್ರತಿ ಮುಂಜಾನೆ ನಾನೂರು ಜೊತೆ ಕಾಲು ನೋಡಿದವನಿಗೆ ಇದೇನು ಕಷ್ಟ? ಎರಡೂ ಅಂಗಾಲಿನ ನಡುವೆ ಪೆಡಲಿನ ಮೂರು ಗೀರು ಮುದ್ರೆ ಹೊಡೆದಂತೆ ಮೂಡಿದ್ದವು. ಪಾಪದ ಹುಡುಗ. ಕಾವು ತಾಳಲಾರದೆ ದಿನವಿಡೀ ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಓಡಿಸುತ್ತಿದ್ದ. ಹಾಗೆ ಒತ್ತುತ್ತಿದ್ದೇನೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಲೈನಿಂಗು ಬಿಡುವಿಲ್ಲದೆ ಉಜ್ಜಿ, ಕಾದು, ಗಾಜಾಗದೆ ಇನ್ನೇನಾದೀತು?

ಬಸ್ಸು ಬಂತು, ಹೋಯಿತು. ಪಕೀರಪ್ಪ ಹತ್ತಲಿಲ್ಲ.

ನಾಲ್ಕು ಗಂಟೆಗೆ ನೋಟೀಸಿನ ಕೊನೆಯ ತಪಾಸಣೆಗೆಂದು ಎಲ್ಲರೂ ಹೊಲದಲ್ಲಿ ಸೇರಿದರು. ಗಡಿಗೆಪ್ಪನವರ ತಾಯಿ ಅಂಬಮ್ಮ, ಕ್ಯಾಬಿನ್ನಿನ ಬಸವಣ್ಣನಿಗೆ ಏನು ಅಪಚಾರವಾಗಿದೆ ನೋಡಬೇಕೆಂದು ಕಾರಿನಲ್ಲಿ ಬಂದು, ಬಾಗಿಲು ತೆರೆದು ಕೂತಿದ್ದರು. ಪಕೀರಪ್ಪ ಬಂದು, ಡ್ರೈವರನ ಕಾಲಿಗೆ ಬೂಟು ಹಾಕಿಸಿದರೆ ಬ್ರೇಕು ಅರಚುವುದಿಲ್ಲ ಅಂದ. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಗಡಿಗೆಪ್ಪನವರು ನಗಲಿಲ್ಲ.

"ದೇವರ ಮುಂದ ಬೂಟು? ಯಾವ ಇಂಜಿನಿಯರಿಂಗ್ ಪುಸ್ತಕದಾಗ ಬರದದ ಇದು, ತೋರಸ್ರಿ," ಅಂದರು.

ಪಕೀರಪ್ಪ ಮಾನಮ್ಮನ ಕಡೆ ನೋಡಿದ. ಆಕೆ ಎದೆಯುಬ್ಬಿಸಿ ನಿಂತಿದ್ದಳು, ಬೀಗರು ಈಗ ಪುಸ್ತಕದ ಹೆಸರು ಹೇಳುತ್ತಾರೆ ಎಂದು. ಅಳಿಯ ತಲೆ ತಗ್ಗಿಸಿದ್ದ. ಪಕೀರಪ್ಪ ಹೆಲ್ಮೆಟ್ ತೆಗೆದು ಬದುವಿನ ಮೇಲಿಟ್ಟ.

"ಪುಸ್ತಕದಾಗ ಇಲ್ರೀ ಸಾವ್ಕಾರ್ರ. ನಾ ಇಂಜಿನಿಯರೂ ಅಲ್ಲ. ಗೇಟ್ ಕಾಯತಿದ್ದೆ. ಹತ್ತೊಂಬತ್ತು ವರ್ಷ ಮಂದಿ ಮುಖ ನೋಡಿಲ್ಲ, ಕಾಲು ನೋಡೀನಿ. ಕಾಲಿನ ವಿಚಾರದಾಗ ನನಗ ಯಾರೂ ಹೇಳಿಕೊಡೋದು ಬ್ಯಾಡ. ಮೊದಲು ಈ ಹುಡುಗನ ಅಂಗಾಲು ನೋಡ್ರಿ, ಆಮ್ಯಾಲ ಕೆಲಸದಿಂದ ತಗೀರಿ."

ಗೇಟಿನವನ ಮಾತನ್ನು ಸುಳ್ಳು ಮಾಡಿಯೇ ತೀರುತ್ತೇನೆಂದು ಗಡಿಗೆಪ್ಪನವರು ಧೋತರ ಎತ್ತಿಕೊಂಡು ಬರಿಗಾಲಿನಲ್ಲಿ ಡೋಜರ್ ಹತ್ತಿದರು. ಭಕ್ತನಿಗೆ ಕಾವು ಯಾವ ಲೆಕ್ಕ ಎಂದು ಗಟ್ಟಿಯಾಗಿ ಹೇಳಿ ಕೂತರು. ಮೂರರವರೆಗೆ ಎಣಿಸಿದ್ದಷ್ಟೇ. ಸಾವ್ಕಾರರು ಬಲಗಾಲು ಎತ್ತಿದರು, ಎಡಗಾಲು ಎತ್ತಿದರು, ಎರಡನ್ನೂ ಎತ್ತಿ ಗಾಳಿಯಲ್ಲಿ ಹಿಡಿದರು, ಶಿವ ಶಿವ ಎಂದು ಎರಡನ್ನೂ ತಂದು ಪೆಡಲುಗಳ ಮೇಲೆ ಇಟ್ಟರು. ಊರೆಲ್ಲ ನೋಡಿತು. ಪೆಡಲಿನ ಮೇಲಿದ್ದ ತಮ್ಮ ಕಾಲನ್ನು ಅವರೂ ನೋಡಿದರು. ತಾಯಣ್ಣ ಹಣೆ ಹಣೆ ಬಡಿದುಕೊಂಡ, ಮೂರು ಸಲ ಬ್ರೇಕು ಬಿಚ್ಚಿದರೂ ತಾನು ಒಮ್ಮೆಯೂ ಡ್ರೈವರನ ಕಾಲು ನೋಡಲಿಲ್ಲವಲ್ಲ ಎಂದು.

ಕೆಳಗಿಳಿದ ಗಡಿಗೆಪ್ಪನವರಿಗೆ ಈಗ ಬೇರೆ ಸಂಕಟ. ಬಸವಣ್ಣನನ್ನು ಇಳಿಸುವಂತಿಲ್ಲ, ಬೂಟು ಏರಿಸುವಂತಿಲ್ಲ. ಎಲ್ಲರೂ ಕಾರಿನ ಕಡೆ ನೋಡಿದರು. ಅಂಬಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ನಿಧಾನವಾಗಿ ಒಂದು ಬದಿಗೆ ಸರಿಸಿದರು.

"ನೆಲಾ ಮುಟ್ಟಿ ಹೊಲಸು ತುಳದ್ರ ಅದು ಚಪ್ಪಲಿ. ನೆಲಾನ ಮುಟ್ಟದಿದ್ರ ಅದು ಎಲ್ಲೀ ಚಪ್ಪಲಿ? ಮಠಕ್ಕ ಹೋದಾಗ ಪಾದುಕಕ್ಕ ತಲಿ ಹಚ್ಚಿ ಬರ್ತಿ, ಅದೇನು ಕಾಲಿಂದಲ್ಲೇನು? ಹೊಸಾ ಬೂಟು ತರಸು, ನೆಲಾ ಮುಟ್ಟಸದ ಮ್ಯಾಲ ಇಡು. ಅಲ್ಲೇ ಹಾಕೊಳ್ಳಲಿ, ಅಲ್ಲೇ ಬಿಡಲಿ."

ಇದಕ್ಕೆ ಮೇಲೆ ಅಪೀಲು ಇಲ್ಲ. ಕಾರು ಮಾನ್ವಿಗೆ ಓಡಿ ದಪ್ಪ ಅಟ್ಟೆಯ ಹೊಸ ಬೂಟು ತಂದಿತು. ನೆಲಕ್ಕೆ ತಾಗೀತೆಂಬ ಭಯಕ್ಕೆ ಗಡಿಗೆಪ್ಪನವರೇ ತಲೆಯ ಮೇಲೆ ವಸ್ತ್ರ ಹಾಕಿಕೊಂಡು ಪೆಟ್ಟಿಗೆ ಹೊತ್ತು ಹೊಲ ದಾಟಿದರು. ಬೂಟಿನ ಮೂತಿಗೆ ಮೂರು ಬೆರಳಿನ ವಿಭೂತಿ ಬಿತ್ತು. ಅಷ್ಟರಲ್ಲಿ ತಾಯಣ್ಣ ಲೈನಿಂಗಿನ ಗಾಜುತನವನ್ನು ಉಜ್ಜುಕಾಗದದಿಂದ ತಿಕ್ಕಿ ತೆಗೆದ, ಬ್ರೇಕಿನ ಸುತ್ತ ಗಟ್ಟಿಯಾಗಿದ್ದ ಎರೆಮಣ್ಣು ಕೆರೆದ, ಬ್ರೇಕು ಹಿಡಿಯುವ ಮುಂಚೆ ಪೆಡಲು ಸ್ವಲ್ಪ ಸಡಿಲ ಇರುವ ಹಾಗೆ ಸರಿಮಾಡಿದ. ವಾರಕ್ಕೊಮ್ಮೆ ಆ ಸಡಿಲ ನೋಡಬೇಕು, ಸಂಜೆಗೊಮ್ಮೆ ಮಣ್ಣು ತೆಗೆಯಬೇಕು ಎಂದು ಅವನು ಹೇಳಿಕೊಟ್ಟ. ತಿರುಗುವುದು ಮುಗಿದ ಕೂಡಲೇ ಕಾಲು ತಗಡಿನ ಮೇಲೆ ಬರಬೇಕು ಎಂದು ಪಕೀರಪ್ಪ ಸೇರಿಸಿದ. ಯಲ್ಲಾಲಿಂಗ ಏಣಿಯ ತುದಿಯಲ್ಲಿ ಕೂತು ಬೂಟು ಕಟ್ಟಿಕೊಂಡು ಒಳಗೆ ಹೋದ.

ಡೋಜರ್ ಹೊರಟಿತು. ತಡವಾಗಿ ಸ್ಕೂಟಿಯ ಮೇಲೆ ಬಂದ ಸುನಂದಾ ಮೇಡಂ ರೂಢಿಯಂತೆ ಕಿವಿಗೆ ಬೆರಳು ಕೊಟ್ಟು ನಿಂತರು. ಬಹಳ ಹೊತ್ತಾದ ಮೇಲೆ ಒಂದು ಬೆರಳು ತೆಗೆದು, ಬ್ರೇಕು ಯಾವಾಗ ಹಾಕುತ್ತೀರಿ ಎಂದು ಬೇಸರದಿಂದ ಕೇಳಿದರು. ಆಗಲೇ ಹನ್ನೊಂದು ಸಲ ಹಾಕಿ ಆಯಿತು ಎಂದು ಹೆಡ್‌ಮಾಸ್ತರರು ಹೇಳಿದರು. ಹನ್ನೆರಡನೆಯದನ್ನು ಮೇಡಂ ಕಣ್ಣಾರೆ ನೋಡಿದರು. ಅಷ್ಟು ದೊಡ್ಡ ಯಂತ್ರ ಬದುವಿನ ಅಂಚಿಗೆ ಬಂದು, ಸುಮ್ಮನೆ ಎಡಕ್ಕೆ ತಿರುಗಿ, ಸುಮ್ಮನೆ ನಿಂತಿತು. ಅಂಥ ಸುಮ್ಮನಿರುವಿಕೆಗೆ ಜನ ಸಿಳ್ಳೆ ಹಾಕಿದ್ದನ್ನು ಆ ಸೀಮೆ ಅದಕ್ಕೆ ಮುಂಚೆ ಕಂಡಿರಲಿಲ್ಲ. ಮೇಡಂ ನೋಟೀಸಿನ ಮೇಲೆ ಅಡ್ಡಗೆರೆ ಎಳೆದರು. ಗಡಿಗೆಪ್ಪನವರು ಹೊಸ ಡ್ರೈವರನಿಗೆ ಫೋನು ಮಾಡಿ ಬರಬೇಡ ಅಂದರು. ಕುಳ್ಳಿನ ರಾಶಿಯನ್ನು ಗಿರಣಿಯ ಆಳುಗಳಿಂದ ಮತ್ತೆ ತಟ್ಟಿಸಿ ಕೊಡುವುದಾಗಿ ಅನ್ವರಿ ಬೇಗಂ ಅವರಿಗೆ ಮಾತು ಕೊಟ್ಟರು. ನಾಲ್ಕು ಜನ ಹುಡುಗರು ಪಕೀರಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡು ಹೊಲ ಸುತ್ತಿದರು.

ಹೆಗಲ ಮೇಲಿಂದಲೂ ಪಕೀರಪ್ಪ ನೋಡುತ್ತಿದ್ದದ್ದು ಮಾನಮ್ಮನನ್ನು. ಆಕೆ ಬೆನ್ನು ತಿರುಗಿಸಿ ಮನೆಯ ದಾರಿ ಹಿಡಿದಿದ್ದಳು. ಸಂಜೆ ಅವನು ಬೀಗರ ಪಡಸಾಲೆಯಲ್ಲಿ ಮುದುಡಿ ಕೂತ. ಎರಡು ವರ್ಷ ಸುಳ್ಳಿನ ಮರ್ಯಾದೆ ತಿಂದದ್ದಕ್ಕೆ ಏನು ಅಂದರೂ ಕೇಳಿಸಿಕೊಳ್ಳಬೇಕು ಎಂದು ಗಟ್ಟಿಮನಸ್ಸು ಮಾಡಿದ್ದ. ಮಾನಮ್ಮ ಒಳಗಿನಿಂದ ಬಂದು ಚಹಾದ ಬಟ್ಟಲು ಇಟ್ಟು, ಎದುರಿಗೆ ಕೂತಳು.

"ದೊಡ್ಡ ಸಾಹೇಬ್ರು ಸಕ್ಕರಿ ಇಲ್ದ ಚಾ ಕುಡಿತಾರಂತ ಟಿವಿಯಾಗ ನೋಡಿದ್ದೆ ಬೀಗರ. ಇಂಜಿನಿಯರ್ ಅದಾರಂತ ಎರಡು ವರ್ಷ ನಿಮಗ ಸಪ್ಪನ್ನ ಚಾ ಕೊಟ್ಟೀನಿ. ಸಕ್ಕರಿ ಬೇಕು ಅನ್ನಾಕ ನಿಮಗ ಬಾಯಿ ಇದ್ದಿಲ್ಲೇನು? ಇವತ್ತ ನಮ್ಮ ಮಂದಿ ಕುಡಿಯೋ ಹಂಗ ಮಾಡೀನಿ, ಕುಡೀರಿ."

ಪಕೀರಪ್ಪ ಒಂದು ಗುಟುಕು ಹೀರಿದ. ಮೂರು ಚಮಚ ಸಕ್ಕರೆ ಹಾಕಿದ್ದಳು. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಂಡು, ಬಟ್ಟಲು ಬರಿದು ಮಾಡಿ, ಇನ್ನೊಂದು ಬೇಕು ಎಂದು ಬಾಯಿಬಿಟ್ಟು ಕೇಳಿದ.